ಕಂಪ್ಯೂಟರಿನೊಳಗೆ ಸೆಂಟ್ರಿಂಗ್

ಬಾಗಿದ್ದನ್ನು ನೆಟ್ಟಗೆ ನಿಲ್ಲಿಸುವುದೇ ನನ್ನ ಉದ್ಯೋಗ. ಜಂಬವಲ್ಲ. ಹುಬ್ಬಳ್ಳಿಯ ಯಾವುದಾದರೂ ಹೊಸ ಮನೆಯಲ್ಲಿ ನೀವು ಸ್ಲ್ಯಾಬಿನ ಕೆಳಗೆ ನಿಶ್ಚಿಂತೆಯಿಂದ ಮಲಗಿದ್ದರೆ, ಆ ಸ್ಲ್ಯಾಬು ಹಸಿಯಾಗಿದ್ದಾಗ ಅದನ್ನು ಹೊತ್ತು ನಿಲ್ಲಿಸಿದವನು ನಾನಿರಬಹುದು. ನಮಗೆ ಸೆಂಟ್ರಿಂಗಿನವರು ಎನ್ನುತ್ತಾರೆ. ಕಾಂಕ್ರೀಟು ಸುರಿಯುವ ಮೊದಲು ಕೆಳಗೆ ಕಂಬ ನಿಲ್ಲಿಸಿ, ಮೇಲೆ ಹಲಗೆ ಹೊಂದಿಸಿ, ಬೈಂಡಿಂಗ್ ವೈರಿನಿಂದ ಬಿಗಿದು ಕಟ್ಟಿ, ಅದು ಗಟ್ಟಿಯಾಗುವವರೆಗೆ ಜೋತು ಬೀಳದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಗಟ್ಟಿಯಾದ ಮೇಲೆ ನಮ್ಮ ಕಂಬ ನಾವು ಕಿತ್ತುಕೊಂಡು ಹೋಗುತ್ತೇವೆ. ಗೃಹಪ್ರವೇಶಕ್ಕೆ ನಮ್ಮನ್ನು ಯಾರೂ ಕರೆಯುವುದಿಲ್ಲ. ಇರಲಿ.

ಈ ಉದ್ಯೋಗದಿಂದ ಮನುಷ್ಯನಿಗೆ ಒಂದು ರೋಗ ಅಂಟುತ್ತದೆ. ಎಲ್ಲಿ ಏನು ಸೊಟ್ಟಗಿದ್ದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಕಣ್ಣು ಹೋದಲ್ಲಿ ಕೈ ಹೋಗುತ್ತದೆ. ಕೈ ಹೋದಲ್ಲಿ ಮಾನ ಹೋಗುತ್ತದೆ. ಹೋದ ವರ್ಷ ಹೆಬ್ಬಳ್ಳಿಗೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ಚಹಾ ತರುವುದರೊಳಗೆ, ಅವರ ನಡುಮನೆಯ ಬಾಗಿಲು ತುಸು ಇಳಿಬಿದ್ದಿರುವುದು ನನಗೆ ಕಂಡಿತು. ಸುಮ್ಮನೆ ಕೂರಲಾಗಲಿಲ್ಲ. ಎದ್ದು ಹೋಗಿ, ಭುಜ ಕೊಟ್ಟು, ಎತ್ತಿ ಕೂರಿಸಿದೆ. ಬಾಗಿಲು ನೆಟ್ಟಗಾಯಿತು. ಆದರೆ ತೆರೆಯಲಿಲ್ಲ. ಹುಡುಗಿ ಚಹಾದ ತಾಟು ಹಿಡಿದು ಆ ಕಡೆ, ನಾನು ಈ ಕಡೆ. ಆಕೆಯ ಮುಖ ಹೇಗಿತ್ತೆಂದು ಇವತ್ತಿನವರೆಗೂ ನನಗೆ ಗೊತ್ತಿಲ್ಲ!

ನನ್ನ ಹೆಸರು ಈರಣ್ಣ. ಬೆಂಗೇರಿಯಲ್ಲಿ ನಮ್ಮ ಮನೆ. ಮನೆಯಲ್ಲಿ ಅವ್ವ, ನಾನು, ನನ್ನ ತಂಗಿ ಗಿರಿಜಾ. ನಾನು ಏಳನೆಯ ಇಯತ್ತೆಯಲ್ಲಿ ಶಾಲೆಗೆ ಕೈ ಮುಗಿದವನು. "ತಂಗಿ ಓದ್ಲಿ ಅಂತ ನಮ್ಮ ಈರ್ಯಾ ಸಾಲಿ ಬಿಟ್ಟ" ಎಂದು ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬರುತ್ತಾಳೆ. ಆಗ ನಾನೂ ತಲೆ ತಗ್ಗಿಸಿ ತ್ಯಾಗಮೂರ್ತಿಯ ಹಾಗೆ ನಿಲ್ಲುತ್ತೇನೆ. ನಿಜ ಹೇಳಬೇಕೆಂದರೆ, ನಾನು ಶಾಲೆ ಬಿಡುವ ಮೊದಲೇ ಶಾಲೆ ನನ್ನನ್ನು ಬಿಟ್ಟಿತ್ತು.

ಗಿರಿಜಾ ಮಾತ್ರ ಡಿಪ್ಲೊಮಾ ಮುಗಿಸಿ, ಧಾರವಾಡದಲ್ಲಿ ಒಬ್ಬ ಇಂಜಿನಿಯರರ ಆಫೀಸಿಗೆ ಸೇರಿದಳು. ಮನೆಗಳ ನಕಾಶೆ ಮಾಡುತ್ತಾಳೆ. ಕಾಗದದ ನಕಾಶೆಯಲ್ಲ, ಕಂಪ್ಯೂಟರಿನೊಳಗೆ ಇಡೀ ಮನೆಯನ್ನೇ ಎಬ್ಬಿಸಿ ನಿಲ್ಲಿಸುತ್ತಾಳೆ. ಬಾಗಿಲು ತೆರೆದು ಒಳಗೆ ಹೋಗಬಹುದು. ಅಡುಗೆಮನೆಯ ಕಿಟಕಿಯಿಂದ ಹೊರಗೆ ಇಣುಕಬಹುದು. ಇನ್ನೂ ಪಾಯವನ್ನೇ ತೋಡಿರದ ಮನೆಯ ಪಡಸಾಲೆಯಲ್ಲಿ ಆಗಲೇ ಬಿಸಿಲು ಬಿದ್ದಿರುತ್ತದೆ! ಒಂದೇ ಕೊರತೆಯೆಂದರೆ, ಮನೆ ಅವಳದು, ಹೆಸರು ಆಫೀಸಿನದು. ತನ್ನದೇ ಹೆಸರಿನ ಬೋರ್ಡು ಹಾಕಿಕೊಂಡು, ನಮ್ಮ ಮನೆಯ ಹೊರಗಿನ ಕೋಣೆಯಲ್ಲೇ ಕೂತು ಕೆಲಸ ಮಾಡಬೇಕೆಂಬುದು ಅವಳ ಬಹಳ ದಿನದ ಆಸೆ.

ಆ ಆಸೆಗೆ ಈ ಸಲ ಒಬ್ಬ ಗಿರಾಕಿ ಸಿಕ್ಕರು. ಕಾಳಿನ ವ್ಯಾಪಾರದ ಶಿವಲಿಂಗಪ್ಪ ಸಾಹುಕಾರರು. ಗೋಕುಲ ರಸ್ತೆಯ ಕಡೆ ಮನೆ ಕಟ್ಟಿಸುವವರಿದ್ದರು. "ಹಾಳ್ಯಾಗಿನ ಗೆರಿ ನನಗ ತಿಳಿಯಂಗಿಲ್ಲವಾ. ಮನ್ಯಾಗ ಅಡ್ಡಾಡಿಸಿ ತೋರಸು, ಮನಸಿಗೆ ಬಂದ್ರ ಕೆಲಸ ನಿಂದು" ಎಂದಿದ್ದರು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಅಂಗಡಿಯ ಪೂಜೆ ಮುಗಿಸಿ, ಮಧ್ಯಾಹ್ನ ಹೆಂಡತಿಯೊಂದಿಗೆ ನಮ್ಮ ಮನೆಗೇ ಬಂದು ನೋಡುವುದೆಂದು ಮಾತಾಗಿತ್ತು. ಒಪ್ಪಿದರೆ ಗಿರಿಜಾಳ ಬೋರ್ಡು ಏರುತ್ತದೆ. ಒಪ್ಪದಿದ್ದರೆ ಮತ್ತೆ ಅದೇ ಆಫೀಸು, ಅದೇ ಇನ್ನೊಬ್ಬರ ಹೆಸರು.

ಇದರಲ್ಲಿ ನನ್ನದೂ ಒಂದು ಗುಟ್ಟಿನ ಲೆಕ್ಕವಿತ್ತು. ತಂಗಿಯ ನಕಾಶೆ ಒಪ್ಪಿಗೆಯಾದರೆ ಸೆಂಟ್ರಿಂಗ್ ಇನ್ನಾರಿಗೆ ಹೋದೀತು? ತಂಗಿ ಎಬ್ಬಿಸಿದ ಮನೆಯನ್ನು ಅಣ್ಣ ಹೊತ್ತು ನಿಲ್ಲುವುದು! ಈ ವಾಕ್ಯವನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡಿದ್ದೆನೆಂದರೆ, ಅದು ಆಗಲೇ ಆಗಿಹೋದಂತೆ ಅನಿಸತೊಡಗಿತ್ತು.

ಈಗ ಕಂಪ್ಯೂಟರಿನ ವಿಷಯಕ್ಕೆ ಬರುತ್ತೇನೆ. ಗಿರಿಜಾಳದು ಮೇಜಿನ ಪಕ್ಕ ನಿಲ್ಲಿಸುವ ದೊಡ್ಡ ಡಬ್ಬಿಯ ಕಂಪ್ಯೂಟರು. ಡಬ್ಬಿಯ ಒಂದು ಬದಿಗೆ ಗಾಜು. ಗಾಜಿನಿಂದ ನೋಡಿದರೆ ಒಳಗೆ ನಿಂತಿರುವ ಹಸಿರು-ಕಪ್ಪು ಹಲಗೆ ಕಾಣುತ್ತದೆ. ಆ ಹಲಗೆಯ ನಡುವೆ ಪ್ರೊಸೆಸರ್ ಎಂಬ ಬಿಸ್ಕೀಟಿನಷ್ಟು ಅಗಲದ ಬಿಲ್ಲೆ. ಕಂಪ್ಯೂಟರಿನ ಮಿದುಳು ಅದೇ ಅಂತೆ. ಮನೆಗಳನ್ನು ಎಬ್ಬಿಸುವಾಗ ಅದಕ್ಕೆ ಬಹಳ ತಲೆಬಿಸಿ. ಅದನ್ನು ತಣಿಸಲು ಅದರ ಮೇಲೆ ತಗಡಿನ ಪದರಗಳ, ಫ್ಯಾನಿರುವ, ಇಟ್ಟಿಗೆಯಂಥ ಒಂದು ಗಂಟನ್ನು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಅದಕ್ಕೆ ಕೂಲರ್ ಎನ್ನುತ್ತಾರೆ. ಹಲಗೆ ನಿಂತಿದೆ, ಕೂಲರು ಅಡ್ಡ ಚಾಚಿಕೊಂಡಿದೆ. ಗೋಡೆಯ ಗೂಟಕ್ಕೆ ಎಮ್ಮೆಯನ್ನು ನೇತುಹಾಕಿದಂತೆ!

ನೇತುಹಾಕಿದ್ದು ಸುಮ್ಮನಿರುತ್ತದೆಯೇ? ತುಸು ಜೋತಿತ್ತು. ಬೇರೆಯವರಿಗೆ ಕಾಣುತ್ತಿರಲಿಲ್ಲ. ನನಗೆ ಕಂಡಿತು. ಅಂದಿನಿಂದ ಊಟ ಮಾಡುವಾಗಲೂ ನನ್ನ ಕಣ್ಣು ಆ ಗಾಜಿನ ಮೇಲೆಯೇ.

ಖಂಡೇಪೂಜೆಯ ದಿನ ನಮ್ಮಲ್ಲಿ ಬೆಳಿಗ್ಗೆಯೇ ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು, ಒರೆಸಿ, ವಿಭೂತಿ ಹಚ್ಚಿ, ಹೂವು ಏರಿಸಿ ಪೂಜೆ ಮಾಡುತ್ತೇವೆ. ನನ್ನ ಸುತ್ತಿಗೆ, ಗರಗಸ, ಲೆವೆಲ್ ಪಟ್ಟಿ ಎಲ್ಲ ಅಂಗಳದಲ್ಲಿ ಸ್ನಾನ ಮುಗಿಸಿ ಸಾಲಾಗಿ ಕೂತಿದ್ದವು. ಗಿರಿಜಾ ಆಫೀಸಿನ ಪೂಜೆಗೆ ಧಾರವಾಡಕ್ಕೆ ಹೊರಟು ನಿಂತಿದ್ದಳು.

"ಅಣ್ಣಾ, ಇಲ್ಲೆ ನೋಡು. ಡಬ್ಬಿ ಹೊರಗ ಒಣಾ ಅರಬೀಲೆ ಒರಸು. ಹೂವ ಏರಸು. ಊದಿನಕಡ್ಡಿ ದೂರ ಹಚ್ಚು. ಒಳಗ ಮಾತ್ರ ಕೈ ಹಾಕಬ್ಯಾಡ."

"ನಾ ಯಾಕ ಒಳಗ ಕೈ ಹಾಕ್ಲಿ?"

"ಹೆಬ್ಬಳ್ಳಿ ಬಾಗಿಲಕ್ಕ ಯಾಕ ಹಾಕಿದ್ದಿ?"

ಹೆಬ್ಬಳ್ಳಿಯ ಹೆಸರು ಬಂದರೆ ಮಾತು ತಿರುಗಿಸುವುದೇ ನನ್ನ ಪದ್ಧತಿ. ಗಾಜಿನ ಕಡೆ ಬೆರಳು ತೋರಿಸಿದೆ: "ಅಲ್ಲ ಗಿರಿಜಾ, ಆ ಕೂಲರ್ ಜೋತಬಿದ್ದೈತಿ, ನೋಡೀದಿ ಏನು?"

"ಗೊತ್ತೈತಿ. ಅಷ್ಟ ಬಾಗಿದ್ರ ಏನೂ ಆಗಂಗಿಲ್ಲ. ಹಬ್ಬ ಮುಗೀಲಿ, ನಾನ ಬಿಗಿ ಮಾಡ್ತೇನಿ. ನೀ ಮುಟ್ಟಬ್ಯಾಡ. ಅವ್ವಾ, ಇವನ್ನ ನೋಡ್ಕೋತಿರು."

ಹೀಗೆ ಹೇಳಿ ಅವಳು ಚಿಗರಿ ಬಸ್ಸು ಹಿಡಿಯಲು ಹೋದಳು. ನನ್ನನ್ನು ನೋಡಿಕೊಳ್ಳಬೇಕಾದ ಅವ್ವ ಹೋಳಿಗೆಯ ಕಣಕ ನಾದಲು ಹೋದಳು. ನಾನು, ಕೂಲರು, ಇಬ್ಬರೇ ಉಳಿದೆವು.

ನಾನು ಮಾತಿಗೆ ತಪ್ಪುವವನಲ್ಲ. ಹೊರಗಷ್ಟೇ ಒರೆಸಿದೆ. ಗಾಜನ್ನೂ ಒರೆಸಿದೆ. ಗಾಜು ಸ್ವಚ್ಛವಾದಷ್ಟೂ ಕೂಲರು ಇನ್ನೂ ಜೋತಂತೆ ಕಾಣತೊಡಗಿತು. ಲೆವೆಲ್ ಪಟ್ಟಿ ಕೈಯಳತೆಯಲ್ಲೇ ಇತ್ತು. ಸುಮ್ಮನೆ ಗಾಜಿನ ಮೇಲಿಟ್ಟು ನೋಡಿದೆ. ಪಟ್ಟಿಯೊಳಗಿನ ಗುಳ್ಳೆಯನ್ನು ಸರಿಯಾಗಿ ನಡುವೆ ನಿಲ್ಲಿಸಿದೆ. ಕೂಲರು ಆ ಪಟ್ಟಿಯ ಸಾಲಿಗೆ ಬರದೆ ಕೆಳಗೆ ಮುಖ ಮಾಡಿ ನಿಂತಿತ್ತು. ಸಾಕ್ಷಿ ಸಿಕ್ಕಿತು! ಸಾಹುಕಾರರು ಬಂದು ಕೂತಾಗ, ಮನೆ ತೋರಿಸುತ್ತಿರುವಾಗಲೇ ಆ ಗಂಟು ಕಿತ್ತು ಬಿದ್ದರೆ? ತಂಗಿಯ ಬದುಕೇ ಬಿದ್ದಂತಲ್ಲವೇ? ಅಣ್ಣನಾದವನು ಕಣ್ಣು ಮುಚ್ಚಿ ಕೂರಬೇಕೇ? ಧರ್ಮ ಯಾವುದು, ಅಧರ್ಮ ಯಾವುದು ಎಂದು ಯೋಚಿಸುತ್ತಿರುವಾಗಲೇ ನನ್ನ ಕೈ ಗಾಜಿನ ಸ್ಕ್ರೂ ಬಿಚ್ಚಿ ಮುಗಿಸಿತ್ತು.

ಮೊದಲು ಕರೆಂಟಿನ ವೈರು ಕಿತ್ತಿಟ್ಟೆ. ನಾನೇನೂ ದಡ್ಡನಲ್ಲ.

ನಮ್ಮ ಕಸುಬಿನಲ್ಲಿ ಬೈಂಡಿಂಗ್ ವೈರಿನಿಂದ ಆಗದ ಕೆಲಸವೇ ಇಲ್ಲ. ಕೂಲರಿನ ಸೊಂಟಕ್ಕೆ ಒಂದು ಸುತ್ತು ಹಾಕಿ, ಡಬ್ಬಿಯ ಮೇಲಿನ ಸರಳಿಗೆ ಕಟ್ಟಿ, ಪಕ್ಕಡ್ ಎಂಬ ಇಕ್ಕಳ ಹಿಡಿದು ತಿರುವಿದೆ. ಕೈಗೆ ಕಬ್ಬಿಣದ ಸರಳು ಕಟ್ಟುವ ರೂಢಿ. ತುಸು ಹೆಚ್ಚಾಯಿತು. ನೆಲ ನೋಡುತ್ತಿದ್ದ ಕೂಲರು ಈಗ ಆಕಾಶ ನೋಡತೊಡಗಿತು!

ವೈರು ಬಿಚ್ಚಿದೆ. ಮೇಲಿನಿಂದ ಎಳೆಯುವುದು ಶಾಸ್ತ್ರವಲ್ಲ, ಕೆಳಗಿನಿಂದ ಆಸರೆ ಕೊಡುವುದೇ ಶಾಸ್ತ್ರ. ಬಿದಿರಿನ ಕಡ್ಡಿಯೊಂದನ್ನು ಅಳತೆಗೆ ಕತ್ತರಿಸಿ, ಕೂಲರಿನ ಕೆಳಗೆ ಕಂಬವಾಗಿ ನಿಲ್ಲಿಸಿದೆ. ಕಂಬ ನಿಲ್ಲಲು ನೆಲ ಬೇಕಲ್ಲ? ಕೂಲರಿನ ಕೆಳಗೆ ಇನ್ನೊಂದು ಉದ್ದನೆಯ ಕಾರ್ಡು ಅಡ್ಡ ಚಾಚಿಕೊಂಡಿತ್ತು. ಪರದೆಯ ಮೇಲೆ ಚಿತ್ರ ಮೂಡಿಸುವುದು ಅದೇ ಅಂತೆ. ಅದರ ಮೇಲೆಯೇ ಕಂಬ ಊರಿದೆ. ಕೂಲರು ನೆಟ್ಟಗಾಯಿತು. ಕಾರ್ಡು ಬಾಗಿತು.

ಹೆದರಲಿಲ್ಲ. ಮೇಲಿನ ಮಹಡಿಯ ಭಾರ ಕೆಳಗಿನ ಮಹಡಿಗೆ ಬಂದರೆ ಕೆಳಗಿನ ಮಹಡಿಗೂ ಕಂಬ ಕೊಡಬೇಕು. ಕಾರ್ಡಿನ ಕೆಳಗೆ, ಅದರ ಫ್ಯಾನಿಗೆ ತಾಗದಂತೆ ಅಂಚಿನಲ್ಲಿ, ಇನ್ನೆರಡು ಕಂಬ. ಅವು ಜಾರದಿರಲಿ ಎಂದು ಪ್ಲೈವುಡ್ಡಿನ ಚೂರು. ಚೂರು ಅಲುಗದಿರಲಿ ಎಂದು ಬೆಣೆ. ಹಿಂದೆ ಸರಿದು ನಿಂತು ನೋಡಿದೆ. ನೆಲಮಹಡಿ, ಮೇಲ್ಮಹಡಿ, ಕಂಬಗಳು! ಕಣ್ಣಿಗೆ ಹಬ್ಬವಾಯಿತು. ಇಷ್ಟಕ್ಕೆ ಗಾಜು ಮುಚ್ಚಿದ್ದರೆ, ಬಹುಶಃ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಆದರೆ ಆಸರೆ ಕೊಟ್ಟ ಮೇಲೆ ಬುಡ ಬಿಗಿಮಾಡುವುದು ನಮ್ಮ ಪದ್ಧತಿ. ಕೂಲರಿನ ಮೂಲೆಯ ಸ್ಕ್ರೂಗಳಿಗೆ ಸ್ಕ್ರೂಡ್ರೈವರ್ ಹಚ್ಚಿದೆ. ಡಬ್ಬಿಯೊಳಗೆ ಕೈ ಬಾಗಿಸಿ, ಮೈ ಬಾಗಿಸಿ, ತಲೆಕೆಳಗಾಗಿ ತಿರುವುವಾಗ ಎಡ ಯಾವುದು, ಬಲ ಯಾವುದು? ಬಿಗಿಯಾಗುತ್ತಿದೆ ಎಂದುಕೊಂಡೇ ತಿರುವಿದೆ. ಕೊನೆಯ ಸ್ಕ್ರೂ ಟಣ್ಣನೆ ಹಾರಿತು. ಕೂಲರು ಪೂರ್ತಿಯಾಗಿ ನನ್ನ ಕೈಗೆ ಬಂತು!

ಅದರ ತಳ ನೋಡಿದೆ. ಬೂದುಬಣ್ಣದ್ದೇನೋ ಹಚ್ಚಿತ್ತು. ಒಣಗಿ ಅಲ್ಲಲ್ಲಿ ಬಿರಿದಿತ್ತು. ಪ್ರೊಸೆಸರಿನ ಹಣೆಯ ಮೇಲೂ ಅದೇ. ಹೆಬ್ಬೆರಳಿನಿಂದ ತಿಕ್ಕಿದೆ, ಪುಡಿಯಾಗಿ ಉದುರಿತು. ಇದನ್ನು ನಾನು ಎಲ್ಲೋ ನೋಡಿದ್ದೇನೆ ಅನಿಸಿತು. ಎಲ್ಲೋ ಏನು, ದಿನಾ ಕನ್ನಡಿಯಲ್ಲಿ ನೋಡುತ್ತೇನೆ!

"ಅವ್ವಾ! ಲಗೂ ಬಾ ಇಲ್ಲೆ!"

ಅವ್ವ ಕಣಕದ ಕೈಯಲ್ಲೇ ಬಂದಳು. ಬಗ್ಗಿ ನೋಡಿದಳು. ಅವಳ ಕಣ್ಣು ಅರಳಿತು.

"ವಿಭೂತಿ ಅಲ್ಲೇನೋ ಇದು!"

"ನನಗೂ ಹಂಗ ಅನಿಸ್ತು."

"ಕಾರ್ಖಾನ್ಯಾಗ ಪೂಜಿ ಮಾಡೇ ಕಳಿಸ್ಯಾರ ನೋಡು. ಯಾರೋ ನಮ್ಮಂಥವ್ರ ಇರಬೇಕು. ಅಲ್ಲಾ, ನೀ ಏನ್ ಮಾಡಾಕತ್ತಿ? ಒರಸಾಕತ್ತಿ? ಖಂಡೇಪೂಜಿ ದಿವಸ ವಿಭೂತಿ ಒರಸ್ತಾರೇನೋ ಖೋಡಿ!"

ಅರ್ಧ ಒರೆಸಿದ್ದು ಆಗಿತ್ತು. ಅರ್ಧ ವಿಭೂತಿಯಲ್ಲಿ ಯಾರನ್ನಾದರೂ ಬಿಡುವುದು ಸರಿಯೇ? ಹಳೆಯದನ್ನೆಲ್ಲ ಸ್ವಚ್ಛ ಮಾಡಿ ಹೊಸದು ಹಚ್ಚುವುದೇ ಮರ್ಯಾದೆ ಎಂದು ತಾಯಿ-ಮಗ ಇಬ್ಬರೂ ತೀರ್ಮಾನಕ್ಕೆ ಬಂದೆವು. ಅವ್ವ ಜಗಲಿಯಿಂದ ವಿಭೂತಿ ಗಟ್ಟಿ ತಂದುಕೊಟ್ಟಳು. ನೀರಿನ ಹನಿಯಲ್ಲಿ ತೇಯ್ದೆ. ಬಿಸ್ಕೀಟಿನಷ್ಟು ಹಣೆಯ ಮೇಲೆ ಮೂರು ಬೆರಳು ಹಿಡಿಸಲಿಲ್ಲ. ಕಿರುಬೆರಳಿನಿಂದಲೇ ಮೂರು ಗೆರೆ ಎಳೆದೆ. ಕೂಲರಿನ ತಳಕ್ಕೂ ಎಳೆದೆ. ನೀರಿದ್ದಲ್ಲಿ ಕರೆಂಟು ಕೊಡಬಾರದೆಂದು ನನಗೆ ಗೊತ್ತು. ಖಣಖಣ ಒಣಗುವವರೆಗೆ ಬೀಸಣಿಗೆಯಿಂದ ಬೀಸಿದೆ. ಎಂಥ ಜಾಗ್ರತೆ! ಆಮೇಲೆ ಕೂಲರು ಕೂರಿಸಿ, ಸ್ಕ್ರೂ ಬಿಗಿದು, ಕಂಬಗಳನ್ನು ಮತ್ತೆ ನಿಲ್ಲಿಸಿ, ಗಾಜು ಹಾಕಿದೆ. ಗಾಜಿನ ಮೇಲೆ ಚೆಂಡು ಹೂವಿನ ದಪ್ಪ ಮಾಲೆ ಇಳಿಬಿಟ್ಟೆ. ಒಳಗಿನ ಕಟ್ಟಡ ಕಾಮಗಾರಿ ಹೊರಗಿನವರಿಗೆ ಕಾಣಲಿಲ್ಲ.

ವೈರು ಚುಚ್ಚಿ ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ಪರದೆ ಬೆಳಗಿತು. ಅವ್ವ ಕರ್ಪೂರ ಬೆಳಗಿದಳು. ನನ್ನ ಜೀವನದಲ್ಲಿ ಅಷ್ಟು ನೆಟ್ಟಗಿನ ಕೆಲಸ ನಾನು ಮಾಡಿರಲಿಲ್ಲ.

ಗಿರಿಜಾ ಮರಳಿ ಬಂದವಳು ಮೊದಲು ಡಬ್ಬಿಯನ್ನು ನೋಡಿದಳು, ಆಮೇಲೆ ನನ್ನನ್ನು.

"ಹೂವ ಭಾಳ ಹಾಕೀದಿ?"

"ಹಬ್ಬ ಐತಲ್ಲ."

"ಒಳಗ ಕೈ ಹಾಕಿಲ್ಲ ಹೌದಲ್ಲೋ?"

"ಏ, ಇಲ್ಲಬಿಡು!"

ಆ ಮಾತು ಅಷ್ಟು ಸರಾಗವಾಗಿ ಹೇಗೆ ಬಂತೆಂದು ಈಗ ಯೋಚಿಸುತ್ತೇನೆ. ಸೊಟ್ಟಗಿದ್ದದ್ದನ್ನೆಲ್ಲ ನೋಡುವ ನನ್ನ ಕಣ್ಣಿಗೆ ಅದೊಂದು ಕಾಣಲಿಲ್ಲ.

ಸಾಹುಕಾರರು ಹೇಳಿದ ಹೊತ್ತಿಗೇ ಬಂದರು. ಬಿಳಿ ಧೋತರ, ಹಣೆ ತುಂಬ ವಿಭೂತಿ. ಜೊತೆಗೆ ಇಳಕಲ್ ಸೀರೆಯ ಅವರ ಹೆಂಡತಿ ಪಾರ್ವತೆವ್ವ. ಹೋಳಿಗೆ ತಿಂದರು, ನನ್ನ ಲೆವೆಲ್ ಪಟ್ಟಿಗೆ, ಸುತ್ತಿಗೆಗೆ ಕೈ ಮುಗಿದರು. "ಓಹೋ, ಇವ್ರು ಸೆಂಟ್ರಿಂಗ್ ಮಾಡ್ತಾರೇನು? ಭೇಷ್" ಎಂದರು. ನನ್ನ ಗುಟ್ಟಿನ ಲೆಕ್ಕ ಅರ್ಧ ಕೂಡಿತು.

ಗಿರಿಜಾ ಮನೆ ತೆರೆದಳು. ಪರದೆಯ ಮೇಲೆ ಗೇಟು ಬಂತು, ತುಳಸಿಕಟ್ಟೆ ಬಂತು, ಮೆಟ್ಟಿಲು ಬಂದವು. ಸಾಹುಕಾರರು ಅರಿವಿಲ್ಲದೆ ಕಾಲಿನ ಚಪ್ಪಲಿ ಬಿಡಲು ಹೋದರು. ಚಪ್ಪಲಿಯನ್ನು ಅವರು ಹೊರಗೇ ಬಿಟ್ಟು ಬಂದಿದ್ದರು. "ಇದ ಪಡಸಾಲಿ ನೋಡ್ರಿ. ಇಲ್ಲೆ ನಿಮ್ಮ ಲೋಡು, ಗಾದಿ." "ಹೌದ ಹೌದ." "ಇದು ಅಡಗಿಮನಿ." ಪಾರ್ವತೆವ್ವ ಮುಂದೆ ಬಗ್ಗಿ, "ರೊಟ್ಟಿ ಬಡಿಯಾಕ ಕಟ್ಟಿ ಎತ್ತರ ಆತಲ್ಲವಾ?" ಎಂದರು. ಗಿರಿಜಾ ಅಲ್ಲೇ ಕಟ್ಟೆಯನ್ನು ತುಸು ಇಳಿಸಿದಳು. ಪಾರ್ವತೆವ್ವನ ಮುಖ ನೋಡಬೇಕಿತ್ತು! ಮನೆ ಕಟ್ಟುವ ಮೊದಲೇ ತನ್ನ ಮಾತು ಕೇಳಿದ ಮನೆ ಅದು.

"ಇನ್ನ ದೇವರ ಮನಿ" ಎಂದಳು ಗಿರಿಜಾ.

ಡಬ್ಬಿಯೊಳಗೆ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗತೊಡಗಿತು. ದೇವರ ಮನೆಯ ಬಾಗಿಲು ತುಸು ತೆರೆಯಿತು. ಪಟ್ಟನೆ ಕತ್ತಲು.

ಗಿರಿಜಾ ಗುಂಡಿ ಒತ್ತಿದಳು. ಮತ್ತೆ ಗೇಟು, ಮತ್ತೆ ತುಳಸಿಕಟ್ಟೆ. ಈ ಸಲ ಮನೆ ಮುದುಕನ ಹಾಗೆ ನಿಂತು ನಿಂತು ನಡೆಯಿತು. ಹೇಗೋ ದೇವರ ಮನೆಯ ಹೊಸ್ತಿಲವರೆಗೆ ಬಂತು. ಮತ್ತೆ ಅಲ್ಲೇ ಕತ್ತಲು!

"ಕರೆಂಟಿಂದ ತ್ರಾಸ ಇರಬೇಕ್ರಿ" ಎಂದೆ ನಾನು.

ಎಲ್ಲರೂ ತಲೆ ಎತ್ತಿದರು. ಮೇಲೆ ಫ್ಯಾನು ಭರ್ ಎಂದು ತಿರುಗುತ್ತಿತ್ತು. ಟ್ಯೂಬ್‌ಲೈಟು ಉರಿಯುತ್ತಿತ್ತು. ಅವಕ್ಕಿಂತ ನೆಟ್ಟಗಿನ ಸಾಕ್ಷಿ ಕೋರ್ಟಿನಲ್ಲೂ ಸಿಗಲಾರದು.

ಪಾರ್ವತೆವ್ವ ಗಂಡನ ಕಡೆ ವಾಲಿ ಮೆಲ್ಲಗೆ ಹೇಳಿದರು. ಮೆಲ್ಲಗೆ ಎಂದರೆ ಓಣಿಗೆ ಕೇಳಿಸುವಷ್ಟು. "ಹಬ್ಬದ ದಿವಸ ದೇವರ ಮನ್ಯಾಗ ಕತ್ತಲಿ ಆತಲ್ರಿ. ಅದೂ ಎಲ್ಡ ಸರ್ತಿ. ನನಗ್ಯಾಕೋ ಛಲೋ ಅನಸವಲ್ದು."

ಸಾಹುಕಾರರು ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡರು. ಹೊರಡುವ ಮುನ್ನ ಜನ ಮಾಡುವ ಕೆಲಸ ಅದು. "ನಿನ್ನ ಕೆಲಸ ಛಲೋ ಐತಿ ತಂಗಿ. ಆದ್ರ ಮನಿ ಕಟ್ಟೋದು ಜೀವನದಾಗ ಒಮ್ಮೆ. ಮನಸಿನ್ಯಾಗ ಹುಳಾ ಹೊಕ್ಕ ಮ್ಯಾಲೆ..."

ಗಿರಿಜಾ ಕಪ್ಪು ಪರದೆಯನ್ನೇ ನೋಡುತ್ತಿದ್ದಳು. ಏನೂ ಮೂಡದ ಆ ಪರದೆಯ ಮುಂದೆ ಮೌಸನ್ನು ಸುಮ್ಮನೆ ಅತ್ತಿತ್ತ ಸರಿಸುತ್ತಿದ್ದಳು. ಹಸಿ ಸ್ಲ್ಯಾಬಿನ ಕೆಳಗೆ ಒಂದು ಕಂಬ ಜಾರಿದರೆ ಏನಾಗುತ್ತದೆಂದು ನಾನು ಬಲ್ಲೆ. ಮೊದಲು ಸದ್ದೇ ಬರುವುದಿಲ್ಲ.

"ಸಾವ್ಕಾರ್ರ, ಕುಂದರ್ರಿ!" ಎಂದೆ. ನನ್ನ ಧ್ವನಿ ನನಗೇ ದೊಡ್ಡದೆನಿಸಿತು. "ದೇವರದೇನೂ ಇಲ್ರಿ ಇದರಾಗ. ನಂದು ಐತ್ರಿ. ಅಕಿ ಬ್ಯಾಡ ಅಂದಿದ್ಲು. ನಾ ಒಳಗ ಕೈ ಹಾಕೇನಿ."

ಗಿರಿಜಾ ನಿಧಾನವಾಗಿ ನನ್ನ ಕಡೆ ತಿರುಗಿದಳು. ಬೈಯಲಿಲ್ಲ. ಎದ್ದಳು, ವೈರು ಕಿತ್ತಳು, ಹೂವಿನ ಮಾಲೆ ಸರಿಸಿದಳು, ಗಾಜು ತೆಗೆದಳು.

ಸಾಹುಕಾರರು ಕನ್ನಡಕ ಏರಿಸಿ ಬಗ್ಗಿದರು. ಬಿದಿರಿನ ಕಂಬ, ಪ್ಲೈವುಡ್ ಹಲಗೆ, ಬೆಣೆ, ಎಲ್ಲವನ್ನೂ ಸಾವಕಾಶವಾಗಿ ನೋಡಿದರು.

"ಇದೇನಪಾ ಇದು, ಇಲ್ಲೇ ನಮ್ಮ ಮನಿ ಕಟ್ಟಾಕ ಸುರು ಮಾಡಿಬಿಟ್ಟೀ ಏನು?"

ಗಿರಿಜಾ ಕಂಬಗಳನ್ನು ಒಂದೊಂದಾಗಿ ಕಿತ್ತು ಮೇಜಿನ ಮೇಲಿಟ್ಟಳು. ಕೂಲರು ಬಿಚ್ಚಿದಳು. ಬೂದಿ ಉದುರಿತು.

"ಇದೇನಣ್ಣಾ?"

"ವಿಭೂತಿ."

"ವಿಭೂತಿ?"

ಅವ್ವ ಸೆರಗು ಸಿಕ್ಕಿಸಿಕೊಂಡು ನನ್ನ ನೆರವಿಗೆ ಬಂದಳು. "ಮೊದಲಿಂದೂ ಅದ ಇತ್ತವಾ! ಒಣಗಿತ್ತು, ಹೊಸಾದ್ ಹಚ್ಚೀವಿ. ಯಾಕ್ರಿ ಸಾವ್ಕಾರ್ರ, ಖಂಡೇಪೂಜಿಗೆ ಮಷಿನ್ನಿಗೆ ವಿಭೂತಿ ಹಚ್ಚೂದು ತಪ್ಪೇನ್ರಿ?"

ಸಾಹುಕಾರರು ಪೇಚಿಗೆ ಸಿಕ್ಕರು. ಹಣೆ ತುಂಬ ವಿಭೂತಿ ಧರಿಸಿದವರು ವಿಭೂತಿ ತಪ್ಪೆಂದು ಹೇಗೆ ಹೇಳಿಯಾರು? ಗಂಟಲು ಸರಿಮಾಡಿಕೊಂಡರು.

"ತಪ್ಪಿಲ್ಲವಾ. ಆದ್ರ ವಿಭೂತಿ ಹಣಿಗೆ ಹಚ್ತಾರ. ತಲಿ ಬಗದು, ಒಳಗ ಮಿದುಳಿಗೆ ಹಚ್ತಾರೇನು?"

ಪಾರ್ವತೆವ್ವ ಮೊದಲು ನಕ್ಕರು. ಸೆರಗು ಬಾಯಿಗೆ ಹಿಡಿದು ನಗುತ್ತಲೇ ಕುರ್ಚಿಯಲ್ಲಿ ಮತ್ತೆ ಕೂತರು. ಟವೆಲು ಸಾಹುಕಾರರ ಹೆಗಲಿನಿಂದ ಮಡಿಲಿಗೆ ಇಳಿಯಿತು.

ಗಿರಿಜಾ ಡ್ರಾಯರಿನಿಂದ ಸೂಜಿಮದ್ದಿನ ಪಿಚಕಾರಿಯಂಥದೊಂದು ತೆಗೆದಳು. ಬಿಲ್ಲೆಯನ್ನು ಒರೆಸಿ ಕನ್ನಡಿಯ ಹಾಗೆ ಮಾಡಿ, ಅದರ ನಡುವೆ ಬೂದುಬಣ್ಣದ ಹನಿಯೊಂದನ್ನು ಬಿಟ್ಟಳು. ನೋಡಲು ಥೇಟ್ ಒದ್ದೆ ವಿಭೂತಿಯೇ! ಅವ್ವ ನನ್ನನ್ನು ನೋಡಿದಳು. 'ನಾ ಹೇಳಲಿಲ್ಲೇನು?' ಎಂಬ ನೋಟ.

"ಇದು ಬಿಸಿನ ಕೂಲರಿಗೆ ದಾಟಸೂ ಪೇಸ್ಟ್ ಅವ್ವಾ" ಎಂದಳು ಗಿರಿಜಾ. "ನೀ ಒಲ್ಯಾಗಿನ ಕೆಂಡ ಮುಂಜಾನಿತನಾ ಆರಬಾರದು ಅಂತ ಮ್ಯಾಲೆ ಏನ್ ಮುಚ್ಚತಿದ್ದಿ?"

"ಬೂದಿ."

"ನಿನ್ನ ಮಗನೂ ಅದನ್ನ ಮಾಡ್ಯಾನ."

ಅವ್ವನಿಗೆ ಅರ್ಥವಾಯಿತು. ನನಗೂ ಅರ್ಥವಾಯಿತು. ಅವ್ವ ತಕ್ಷಣ ಪಕ್ಷ ಬದಲಿಸಿದಳು. "ನಾ ಅವಾಗ ಹೇಳಿದ್ನಿ, ಮುಟ್ಟಬ್ಯಾಡೋ ಅಂತ!"

ಗಿರಿಜಾ ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದಳು. ನಾನು ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದೆ. ಕೆಲಸ ಮುಗಿಯಿತು. ಆಗ ನನ್ನ ಬಾಯಿ, ನನ್ನ ಅಪ್ಪಣೆ ಕೇಳದೆ, ಅಂದಿತು: "ಗಿರಿಜಾ, ಇನ್ನೂ ಒಂಚೂರು ಬಾಗೇತಿ ನೋಡು."

ಎಲ್ಲರೂ ನನ್ನನ್ನು ನೋಡಿದರು. ಅವ್ವನ ಕೈಯಲ್ಲಿ ಬೀಸಣಿಗೆ ಇತ್ತು. ಅದು ಗಾಳಿ ಹಾಕಲು ಎತ್ತಿದ್ದಲ್ಲ.

"ಅದು ಬಾಗಿದ್ರ ನಡೀತೈತಣ್ಣಾ" ಎಂದಳು ಗಿರಿಜಾ. "ಅದಕ್ಕ ಅಷ್ಟು ತಾಳಿಕಿ ಐತಿ. ಕುಂದ್ರು."

ಕುಂತೆ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಂತೆ.

ಮನೆ ಮತ್ತೆ ತೆರೆಯಿತು. ಫ್ಯಾನು ಉಸಿರೆತ್ತಲಿಲ್ಲ. ಪಡಸಾಲೆ, ಅಡುಗೆಮನೆ, ಇಳಿಸಿದ ರೊಟ್ಟಿಯ ಕಟ್ಟೆ. ದೇವರ ಮನೆಯ ಬಾಗಿಲು ಪೂರ್ತಿ ತೆರೆಯಿತು. ಒಳಗೆ ಗಿರಿಜಾ ಒಂದು ದೀಪ ಹಚ್ಚಿಟ್ಟಿದ್ದಳು. ಪಾರ್ವತೆವ್ವ ಪರದೆಗೆ ಕೈ ಮುಗಿದರು. ಸಾಹುಕಾರರು ಬಹಳ ಹೊತ್ತು ಆ ದೀಪವನ್ನೇ ನೋಡುತ್ತ ಕೂತಿದ್ದರು.

ಹೊರಡುವಾಗ ಹೊಸ್ತಿಲ ಮೇಲೆ ನಿಂತು ಹೇಳಿದರು: "ತಂಗಿ, ಮನಿ ನಿಂದ. ಮನಸಿಗೆ ಬಂತು. ಆದ್ರ ಒಂದ ಮಾತು."

"ಹೇಳ್ರಿ ಕಾಕಾ."

ಸಾಹುಕಾರರು ನನ್ನ ಕಡೆ ನೋಡಿದರು. ಬಹಳ ಮೃದುವಾಗಿ, ಪ್ರೀತಿಯಿಂದ, ಹಬ್ಬದ ದಿನ ಆಡಬೇಕಾದಷ್ಟು ಗೌರವದಿಂದ ಹೇಳಿದರು.

"ಸೆಂಟ್ರಿಂಗ್ ಮಾತ್ರ ನಾವು ಬ್ಯಾರೆಯವರ ಕಡೆ ಮಾಡಿಸ್ತೇವ್ರಿ. ಬ್ಯಾಸರಾ ಮಾಡ್ಕೋಬ್ಯಾಡ್ರಿ."

ಬೇಸರವೇ? ಛೆ! ತಂಗಿಯ ಹೆಸರು ಉಳಿಯಿತಲ್ಲ, ಅದಕ್ಕಿಂತ ದೊಡ್ಡದೇನಿದೆ ಎಂದು ನಾನು ಅವ್ವನ ಮುಂದೆ ಬಹಳ ಸಲ ಹೇಳಿದೆ. ಬೇಸರವಾಯಿತೇ ಎಂದು ಅವ್ವ ಒಂದು ಸಲವೂ ಕೇಳಿರಲಿಲ್ಲ. ಗೋಕುಲ ರಸ್ತೆಯ ಆ ಸ್ಲ್ಯಾಬು ಈಗ ಯಾರದೋ ಕಂಬಗಳ ಮೇಲೆ ನಿಲ್ಲುತ್ತದೆ. ತಂಗಿ ಎಬ್ಬಿಸಿದ ಮನೆಯನ್ನು ಹೊರುವ ಭಾಗ್ಯದಿಂದ ನನ್ನನ್ನು ತಪ್ಪಿಸಿದವನು ನಾನೇ.

ಮರುದಿನ ದಶಮಿ. ಬನ್ನಿ ಕೊಟ್ಟು, ಬಂಗಾರದಂತೆ ಇರೋಣ ಎಂದು ಹೇಳಿ, ಹಳೆಯ ಮನಸ್ತಾಪ ಮರೆಯುವ ದಿನ. ಗಿರಿಜಾ ಬನ್ನಿ ಎಲೆಯನ್ನು ನನ್ನ ಕೈಗಿಟ್ಟು, ಕಾಲು ಮುಟ್ಟಲು ಬಗ್ಗಿದಳು. ನನ್ನ ಕಣ್ಣು ತುಂಬಿ ಬಂತು. ಸಿಟ್ಟಿಲ್ಲ ಇವಳಿಗೆ, ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ಅವಳು ಮೇಲೇಳುವಾಗ ನನ್ನ ಪ್ಯಾಂಟಿನ ಕಿಸೆಯಿಂದ ಪಕ್ಕಡ್ ತೆಗೆದುಕೊಂಡೇ ಎದ್ದಳು!

ಈಗ ನಮ್ಮ ಹೊರಗಿನ ಕೋಣೆಯ ಬಾಗಿಲ ಮೇಲೆ ಅವಳ ಹೆಸರಿನ ಬೋರ್ಡು ಏರಿದೆ. ಮೊಳೆ ಹೊಡೆಯಲು ನನ್ನನ್ನು ಕರೆಯಲಿಲ್ಲ. ಪಕ್ಕದ ಮನೆಯವರಿಂದ ಹೊಡೆಸಿದಳು. ಎಲ್ಲರೂ ಛಲೋ ಕೂತಿದೆ ಎನ್ನುತ್ತಾರೆ. ನಾನೂ ಹೌದೆನ್ನುತ್ತೇನೆ. ದಿನಾ ಅದರ ಕೆಳಗೆ ಓಡಾಡುತ್ತೇನೆ, ಕೈ ಕಿಸೆಯಲ್ಲಿಟ್ಟುಕೊಂಡು, ಕಣ್ಣು ನೆಲದ ಮೇಲಿಟ್ಟುಕೊಂಡು.

ಆದರೂ ಹೇಳುತ್ತೇನೆ. ಬೋರ್ಡಿನ ಎಡಗಡೆ ಒಂಚೂರು ಇಳಿದಿದೆ. ನನಗೆ ಮಾತ್ರ ಕಾಣುತ್ತದೆ.

ಮುಟ್ಟಿಲ್ಲ. ಇನ್ನೂ.